ಚೇಚಿ ತೆಗೆದ ಗುಂಡಿ

ಮೊನ್ನೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಬಾಟಲಿಯೊಂದರ ಮುಚ್ಚಳ ತೆಗೆದಳು. ಮೂಗಿಗೆ ಚುಚ್ಚುವ ಹುಳಿ ವಾಸನೆ. ರಬ್ಬರ್ ಹಾಲು ಹೆಪ್ಪುಗಟ್ಟಲು ಹಾಕುವ ಆಸಿಡ್ಡಿನದು. ನಾನು ಹೇಳುತ್ತಿದ್ದ ಪಾಠ ಅಲ್ಲಿಗೇ ನಿಂತಿತು. ಮಕ್ಕಳು ನನ್ನ ಮುಖ ನೋಡುತ್ತಿದ್ದರು, ನನಗೆ ಕಾಣುತ್ತಿದ್ದದ್ದು ನೆಲ್ಯಾಡಿಯ ನಮ್ಮ ಪಕ್ಕದ ಮನೆಯ ಚೇಚಿ...

ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಅವರು ನನ್ನ ಅಮ್ಮನಿಗಿಂತ ದೊಡ್ಡವರು, ಆದರೂ ಇಡೀ ಊರಿಗೆ ಚೇಚಿಯೇ. ಗಂಡ ತೀರಿಹೋದ ಮೇಲೆ ಒಬ್ಬರೇ ರಬ್ಬರ್ ಮರಗಳ ಟ್ಯಾಪಿಂಗ್ ಮಾಡಿ, ಹಾಲು ತಂದು ಹೆಪ್ಪುಗಟ್ಟಿಸಿ, ಶೆಡ್ಡಿನ ಮಿಷನ್ನಿನಲ್ಲಿ ಶೀಟು ಒತ್ತುತ್ತಿದ್ದರು. ನಾನು ಅವರಿಗೆ ‘ಮೋಳೇ’, ಅಂದರೆ ಮಗಳೇ. ಹಬ್ಬಕ್ಕೆ ಅಪ್ಪ ಬಟ್ಟೆ ತರುವುದು ಮರೆತ ವರ್ಷವೂ ಚೇಚಿ ಮರೆತಿರಲಿಲ್ಲ.

ನಾನಾಗ ದ್ವಿತೀಯ ಪಿಯುಸಿ. ಪರಿಸರ ವಿಜ್ಞಾನದ ಪ್ರಾಜೆಕ್ಟಿಗೆ ನಮ್ಮ ಮನೆಯ ಹಿಂದಿನ ತೋಡಿನ, ಅಂದರೆ ಸಣ್ಣ ಹಳ್ಳದ, ನೀರನ್ನು ಆರಿಸಿಕೊಂಡಿದ್ದೆ. ಚೆನ್ನಾಗಿ ಬಂದರೆ ಪುತ್ತೂರಿನ ಸ್ಪರ್ಧೆಗೆ ಹೋಗಬಹುದಿತ್ತು. ಆ ಆಸೆ ತಲೆಗೇರಿತ್ತು. ಬಚ್ಚಲ ಕಟ್ಟೆಯ ಮೇಲಿದ್ದ ಖಾಲಿ ಬಾಟಲಿಯ ಕುತ್ತಿಗೆಗೆ ಯಾರೋ ಕಟ್ಟಿದ್ದ ಕೆಂಪು ಬಟ್ಟೆಚೂರನ್ನು ಕತ್ತರಿಸಿ ಬಿಸಾಡಿ, ಚೇಚಿಯ ಶೆಡ್ಡಿನ ಕೆಳಗೆ ತೋಡಿನ ನೀರು ತುಂಬಿಸಿಕೊಂಡೆ. ಪಿಎಚ್ ಕಾಗದ ಅದ್ದಿದರೆ ಕೆಂಪು, ಅಂದರೆ ಆಸಿಡ್! ವಾಸನೆಯೂ ಬಂತು. ಅದೇ ಬಾಟಲಿಯ ನೀರಿಗೆ ಮೂರು ಸಲ ಕಾಗದ ಅದ್ದಿ, ಮೂರು ಪರೀಕ್ಷೆ ಎಂದು ಬರೆದುಕೊಂಡ ಮಹಾ ವಿಜ್ಞಾನಿ ನಾನು.

ಕಾಗದವನ್ನು ತೋಡಿನ ಕೆಳಗಿನ ಮೂರು ಮನೆಗಳಿಗೂ ತೋರಿಸಿ ಬಂದೆ. ಕೊನೆಗೆ ಚೇಚಿಗೂ ತೋರಿಸಿದೆ. ಅವರು ಜಗಳವಾಡಲಿಲ್ಲ. “ಅಯ್ಯೋ, ಮೀನು ಸತ್ತಿರ್ಬಹುದಲ್ವಾ ಮೋಳೇ?” ಎಂದರು. ಮರುದಿನದಿಂದಲೇ ಶೆಡ್ಡಿನ ನೀರು ತೋಡಿಗೆ ಇಳಿಯದಂತೆ ಗುಂಡಿ ತೆಗೆಯತೊಡಗಿದರು. ಕಲ್ಲುಮಣ್ಣು, ಎದೆಮಟ್ಟ ಆಗುವಷ್ಟರಲ್ಲಿ ಅವರ ಅಂಗೈಯಲ್ಲಿ ಬೊಬ್ಬೆಗಳು.

ಆ ಗುಂಡಿಯ ಫೋಟೋ ತೆಗೆಯಲು ಹೋದಾಗ ಶೆಡ್ಡಿನ ಗೋಡೆಗೆ ಒರಗಿಸಿದ್ದ ಆಸಿಡ್ ಬಾಟಲಿಗಳನ್ನು ಕಂಡೆ. ಎಲ್ಲದರ ಕುತ್ತಿಗೆಗೂ ಕೆಂಪು ಬಟ್ಟೆಚೂರು.

“ಇದೆಂತಕ್ಕೆ ಚೇಚಿ?”

“ಮಕ್ಕಳು ನೀರಂತ ಕುಡಿದ್ರೆ? ಗುರ್ತಕ್ಕೆ. ಬಚ್ಚಲು ತೊಳೀಲಿಕ್ಕೆ ನಿನ್ನಪ್ಪನಿಗೂ ಒಂದು ಕೊಟ್ಟದ್ದುಂಟು.”

ಕುಳಿತು ಅತ್ತೆ. ಆಸಿಡ್ ಇದ್ದದ್ದು ತೋಡಿನಲ್ಲಲ್ಲ, ನಾನು ತೊಳೆಯದೆ ಒಯ್ದ ಬಾಟಲಿಯಲ್ಲೇ ಎಂದು ಹೇಳಿದೆ. ಚೇಚಿ, “ನೀನು ನೀರು ತೆಗೆದ ವಾರ ಮಿಷನ್ ಕಡಬಕ್ಕೆ ರಿಪೇರಿಗೆ ಹೋಗಿತ್ತು. ಶೀಟೇ ಒತ್ತಿರ್ಲಿಲ್ಲ. ಮೊದಲಿಂದು ಮಣ್ಣಲ್ಲಿ ಉಳಿದಿರ್ಬೇಕು ಅಂತ ಗ್ರಹಿಸಿದೆ. ಓದಿದವಳು ನೀನಲ್ವಾ?” ಎಂದರು.

ನಾಳೆಯೇ ಟೀಚರಿಗೆ ಹೇಳುತ್ತೇನೆ ಎಂದೆ.

“ಹಾಗಾದ್ರೆ ನೀನು ಪುತ್ತೂರಿಗೆ ಹೋಗುದು?”

ನಾನು ಕಣ್ಣೊರೆಸಿಕೊಂಡೆ.

“ಹೇಳ್ಬೇಡ. ಗುಂಡಿ ಹೇಗೂ ಆಯ್ತಲ್ಲ. ನನಗೆಂತ ನಷ್ಟ?”

ನಾನು ಹೇಳಲಿಲ್ಲ. ಅವರ ಆ ಮಾತನ್ನೇ ಹಿಡಿದುಕೊಂಡು ಪುತ್ತೂರಿಗೆ ಹೋದೆ, ಗೆದ್ದೆ. ಸರ್ಟಿಫಿಕೇಟು ನೋಡಲು ಓಡಿ ಬಂದವರು ಚೇಚಿಯೇ. ಕನ್ನಡ ಓದಲು ಅವರಿಗೆ ಬರುತ್ತಿರಲಿಲ್ಲ. “ಓದು ಮೋಳೇ” ಎಂದರು. ‘ರಬ್ಬರ್ ಶೆಡ್ಡಿನಿಂದ ಕೆಟ್ಟ ತೋಡು’ ಎಂಬ ಶೀರ್ಷಿಕೆಯನ್ನು ಬಿಟ್ಟು ಬರಿಯ ನನ್ನ ಹೆಸರನ್ನು ಓದಿದೆ. ಅವರು ನನ್ನ ತಲೆ ಸವರಿದರು.

ನಷ್ಟ ಆಯಿತು. ಕೆಳಗಿನ ಮನೆಯವರು ಅವರೊಡನೆ ಮಾತು ಕಡಿಮೆ ಮಾಡಿದರು. ಬೇಸಿಗೆಗೆ ನೀರು ನಿಲ್ಲಿಸಲು ತೋಡಿಗೆ ಅಡ್ಡ ಕಟ್ಟ ಹಾಕುವ ದಿನ ಪ್ರತಿ ಮನೆಯಿಂದಲೂ ಒಬ್ಬರು ಬರಬೇಕು. ಆ ವರ್ಷ ಚೇಚಿಯನ್ನು ಯಾರೂ ಕರೆಯಲಿಲ್ಲ. ಅವರು ಹಾರೆ ಹಿಡಿದು ದರೆಯ ಮೇಲೆ ನಿಂತಿದ್ದು, ಹಾಗೇ ಮನೆಗೆ ಮರಳಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ...

ಚೇಚಿ ತೀರಿಹೋಗಿ ಆರು ವರ್ಷವಾಯಿತು. ನಾನೀಗ ಅದೇ ಪಾಠ ಮಾಡುವ ಟೀಚರು. ಊರಿಗೆ ಹೋದಾಗ ತೋಡಿನ ಮಾತು ಬಂದರೆ ಯಾರಾದರೊಬ್ಬರು, “ಆ ಚೇಚಿ ಆಸಿಡ್ ಬಿಡ್ತಿದ್ರಲ್ಲ ಮಾರಾಯ್ರೆ” ಎನ್ನುತ್ತಾರೆ. ಅವರದಲ್ಲ, ತಪ್ಪು ನನ್ನ ಬಾಟಲಿಯದು ಎಂದು ನಾನು ಮೊದಲಿನಿಂದ ಎಲ್ಲ ಬಿಡಿಸಿ ಹೇಳುತ್ತೇನೆ. ಅವರು ಪೂರ್ತಿ ಕೇಳುತ್ತಾರೆ.

“ನಿಮ್ದು ದೊಡ್ಡ ಮನಸ್ಸು ಟೀಚರೇ,” ಎನ್ನುತ್ತಾರೆ. “ಸತ್ತವರ ಮೇಲೆ ತಪ್ಪು ಹಾಕುದಿಲ್ಲ ನೀವು.”