ಹಡಗಿನ ಹೊತ್ತು, ದಡದ ಹೊತ್ತು

ಎರಡು ವಾಚಿನಕ್ಕನಿಗೆ ಏಳು ತಿಂಗಳ ಅರ್ಧ ಸಂಬಳ ಇನ್ನೂ ಬರಬೇಕು. ದಾನವಲ್ಲ, ಇನಾಮಲ್ಲ. ಬೆಳಿಗ್ಗೆ ಆರಕ್ಕೆ ಬಂದರಿನ ಬಾಗಿಲಲ್ಲಿ ಬೋರ್ಡು ಹಿಡಿದು ನಿಂತು, ಬಿಸಿಲಿಗೆ ಮುಖ ಒಡ್ಡಿ ದುಡಿದ ದುಡ್ಡು. ಕೊಡಬೇಕಾದವನು ಸತ್ತಿಲ್ಲ, ದಿವಾಳಿ ಎದ್ದಿಲ್ಲ, ಊರು ಬಿಟ್ಟು ಓಡಿಲ್ಲ. ಕಚೇರಿಗೆ ಹೊಸ ಗಾಜಿನ ಬಾಗಿಲು ಹಾಕಿಸಿಕೊಂಡು ಅದರ ಹಿಂದೆ ತಣ್ಣಗೆ ಕೂತಿದ್ದಾನೆ.

ಅವಳಿಗೆ ಆ ಹೆಸರಿಟ್ಟವರು ವ್ಯಾನ್ ಡ್ರೈವರುಗಳು. ಎಡಗೈಗೊಂದು ವಾಚು, ಬಲಗೈಗೊಂದು. ಎಡದ್ದು ದಡದ ಹೊತ್ತು, ಬಲದ್ದು ಹಡಗಿನ ಹೊತ್ತು. ಪ್ರವಾಸದ ಹಡಗುಗಳು ದೇಶದಿಂದ ದೇಶಕ್ಕೆ ಹೋಗುವಾಗ ಕೆಲವು ಕ್ಯಾಪ್ಟನ್‌ಗಳು ಹೋದ ಊರಿಗೆ ತಕ್ಕಂತೆ ಗಡಿಯಾರ ತಿರುಗಿಸುತ್ತಾರೆ, ಕೆಲವರು ಮುಟ್ಟುವುದೇ ಇಲ್ಲ. ದಡದಲ್ಲಿ ನಾಲ್ಕು ಹೊಡೆದಾಗ ಹಡಗಿನೊಳಗೆ ಐದಾಗಿರಬಹುದು. ಐದಕ್ಕೆ ಹೊರಡುವ ಹಡಗು ತನ್ನ ಐದಕ್ಕೆ ಹೊರಡುತ್ತದೆ, ನಿಮ್ಮ ಐದಕ್ಕಲ್ಲ. ಇದು ತಿಳಿಯದೆ ಈ ಕಸುಬಿಗೆ ಇಳಿದವರು ಒಂದೇ ಸೀಸನ್ನಿನಲ್ಲಿ ಗಂಟುಮೂಟೆ ಕಟ್ಟಿದ್ದಾರೆ.

ಕಸುಬು ಇಷ್ಟೇ. ಹಡಗು ಬೆಳಿಗ್ಗೆ ಬಂದು ಸಂಜೆ ಹೋಗುತ್ತದೆ. ನಡುವಿನ ಎಂಟು ಗಂಟೆಯಲ್ಲಿ ಇಳಿದವರಿಗೆ ಊರು ತೋರಿಸಬೇಕು. ಹಡಗಿನ ಕಂಪನಿಯೇ ದೊಡ್ಡ ಬಸ್ಸುಗಳಲ್ಲಿ ಕುರಿ ತುಂಬಿದ ಹಾಗೆ ತುಂಬಿಕೊಂಡು ಹೋಗುತ್ತದೆ, ಮೂರು ಪಟ್ಟು ದುಡ್ಡು ಕೀಳುತ್ತದೆ. ಅದು ನಿಜವಾಗಿ ಮಾರುವುದು ಊರನ್ನಲ್ಲ, ಹೆದರಿಕೆಯನ್ನು. ನಮ್ಮ ಬಸ್ಸಿನಲ್ಲಿ ಹೋದರೆ ಎಷ್ಟೇ ತಡವಾದರೂ ಹಡಗು ಕಾಯುತ್ತದೆ, ಹೊರಗಿನ ವ್ಯಾನ್ ಹತ್ತಿದಿರೋ, ನಿಮ್ಮ ಪಾಡು ನಿಮಗೆ. ಈ ಹೆದರಿಕೆಗೆ ಮದ್ದಾಗಿ ಅಕ್ಕನ ಧಣಿ ತನ್ನ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕಿಸಿದ್ದ: ನಮ್ಮಿಂದ ಹಡಗು ತಪ್ಪಿದರೆ, ಮುಂದಿನ ಬಂದರಿಗೆ ನಮ್ಮ ಖರ್ಚಿನಲ್ಲಿ ತಲುಪಿಸುತ್ತೇವೆ.

ಹತ್ತೊಂಬತ್ತು ವರ್ಷ ಆ ಸಾಲಿನಿಂದ ಧಣಿಗೆ ಬಿಡಿಗಾಸೂ ಖರ್ಚಾಗಲಿಲ್ಲ. ಕಾರಣ ಅಕ್ಕನ ಹಾಳೆ. ಅವಳು ದಿನದ ಯೋಜನೆಯನ್ನು ಹಿಂದುಮುಂದಾಗಿ ಬರೆಯುತ್ತಿದ್ದಳು. ಮೊದಲು ಎಲ್ಲರೂ ಹಡಗಿನೊಳಗೆ ಇರಬೇಕಾದ ಹೊತ್ತು. ಅಲ್ಲಿಂದ ಹಿಂದಕ್ಕೆ ಇಪ್ಪತ್ತು ನಿಮಿಷ, ಗೇಟಿನ ಸಾಲಿಗೆ. ಅದರ ಹಿಂದೆ ನಲವತ್ತು ನಿಮಿಷ ‘ಪಂಕ್ಚರ್ ಪಾಲು’, ಟೈರು ಕೈಕೊಟ್ಟರೆ ಅಂತ. ಆಮೇಲೆ ಕೋಟೆ, ಉಪ್ಪಿನ ಗದ್ದೆ, ದೀಪಸ್ತಂಭ. ಮೆಟ್ಟಿಲು ಎಷ್ಟು, ಎಪ್ಪತ್ತು ದಾಟಿದವರು ಹತ್ತಲು ಎಷ್ಟು ನಿಮಿಷ, ಆರು ಮಂದಿಗೆ ಒಂದೇ ಪಾಯಿಖಾನೆ ಇದ್ದರೆ ಎಷ್ಟು ನಿಮಿಷ, ಎಲ್ಲಾ ಅವಳ ಬೆರಳ ತುದಿಯಲ್ಲಿತ್ತು. ವ್ಯಾನ್ ಓಡಿಸುವ ಡ್ರೈವರಣ್ಣ ಗೊಣಗುತ್ತಿದ್ದ:

“ಅಕ್ಕಾ, ನಿನ್ ಹಾಳೇಲಿ ಎಲ್ಲರಿಗೂ ಉಚ್ಚೆ ಹೊಯ್ಯೋಕೆ ಟೈಮಿದೆ, ನನಗೊಬ್ಬನಿಗೆ ಇಲ್ಲ.”

“ನಿಂಗ್ಯಾಕೋ? ನೀನು ಮರ ಕಂಡಲ್ಲೆಲ್ಲ ನಿಲ್ಲಿಸ್ತೀಯಲ್ಲ!”

ಹಾಳೆಗಿಂತ ಮುಖ್ಯವಾದ ಕಟ್ಟುಪಾಡು ಒಂದಿತ್ತು. ಹಡಗಿನ ಹೊತ್ತನ್ನು ಪ್ರಯಾಣಿಕರ ಬಾಯಿಂದ ಕೇಳಬಾರದು, ನಾವಿಕನನ್ನೇ ಕೇಳಬೇಕು. ಹಗ್ಗ ಕಟ್ಟಲು ಮೊದಲು ಇಳಿದ ನಾವಿಕನ ಬಳಿ ಹೋಗಿ ಅವಳು ಕೇಳುತ್ತಿದ್ದಳು, “ಏನಣ್ಣ, ನಿಮ್ಮಲ್ಲೀಗ ಎಷ್ಟು?” ಅವನು ಹೇಳಿದಷ್ಟಕ್ಕೆ ಬಲಗೈ ವಾಚು ತಿರುಗಿಸುತ್ತಿದ್ದಳು. ಅವಳ ಗಂಡನೂ ಇಂಥದೇ ಒಂದು ಹಡಗಿನ ಹೊಟ್ಟೆಯೊಳಗೆ ವರ್ಷದಲ್ಲಿ ಹತ್ತು ತಿಂಗಳು ಹಾಸಿಗೆ ಬಟ್ಟೆ ಒಗೆಯುವವನು. ಪ್ರಯಾಣಿಕರಿಗೆ ಮೂರು ದಿನ ಕಳೆದರೆ ವಾರ ಯಾವುದೆಂದೂ ಗೊತ್ತಿರುವುದಿಲ್ಲ ಅಂತ ಹೇಳಿಕೊಟ್ಟವನು ಅವನೇ.

ಇಪ್ಪತ್ತನೆಯ ವರ್ಷ ಬಂದರಿನವರು ಬೇಲಿಯನ್ನು ಈಚೆಗೆ ಸರಿಸಿದರು. ಹೊರಗಿನ ಏಜೆಂಟರು, ಡ್ರೈವರುಗಳು ಇನ್ನು ಬೇಲಿಯ ಹೊರಗೆ. ಕಾರಣ ಸುರಕ್ಷತೆಯಂತೆ. ಖಾಲಿಯಾದ ಜಾಗದಲ್ಲಿ ವಾರದೊಳಗೆ ಹಡಗಿನ ಕಂಪನಿಯ ಟಿಕೆಟ್ ಮೇಜುಗಳು ಬಂದು ಕೂತವು, ಮೇಲೆ ಬಣ್ಣದ ಛತ್ರಿ. ಸುರಕ್ಷತೆ ಅಂದರೆ ಯಾರ ಜೇಬಿನದು ಅಂತ ಕೇಳುವವರಿರಲಿಲ್ಲ.

“ಅಕ್ಕ, ಆಚೆ ನಡೀರಿ. ಹೊಸ ಆರ್ಡರು,” ಎಂದ ಕಾವಲುಗಾರ.

“ಹತ್ತೊಂಬತ್ತು ವರ್ಷದಿಂದ ಇಲ್ಲೇ ನಿಂತಿದೀನಲ್ಲೋ.”

“ಅದಕ್ಕೇ ನೋಡಿ, ನಿಂತ ಜಾಗ ಸವೆದೋಗಿದೆ. ಆಚೆ ನಿಂತು ಅಲ್ಲೂ ಸ್ವಲ್ಪ ಸವೆಸಿ.”

ಬೇಲಿಯಿಂದ ಹಡಗಿಗೆ ಈಗ ಅರ್ಧ ಮೈಲಿ. ನಾವಿಕರು ಇರುವೆಗಳಂತೆ ಕಾಣುತ್ತಿದ್ದರು. ಕೂಗಿದರೆ ಕೇಳದು. ಒಳಗೆ ಹೋಗಿ ಕೇಳಿಬರಲು ಒಬ್ಬರಿಗಾದರೂ ಚೀಟಿ ಕೊಡಿಸಿ ಎಂದು ಅಕ್ಕ ಧಣಿಯನ್ನು ಎರಡು ಸಲ ಕೇಳಿದಳು. ಚೀಟಿಗೆ ಬಂದರಿನವರು ತಿಂಗಳ ಶುಲ್ಕ ಇಟ್ಟಿದ್ದರು. “ನೋಡೋಣ ಬಿಡಮ್ಮ,” ಎಂದ ಧಣಿ. ನೋಡಲಿಲ್ಲ.

ಹೀಗಿರುವಾಗ ಒಂದು ದಿನ ಬಂದದ್ದು ಆ ಬಂದರಿಗೆ ಹೊಸ ಹಡಗು. ಅಕ್ಕನ ಪಾಲಿಗೆ ಆರು ಮಂದಿ. ಗುಂಪಿನ ಯಜಮಾನಿಕೆ ಒಬ್ಬ ನಿವೃತ್ತ ಟೀಚರಮ್ಮನದು, ಜೊತೆಗೆ ಅವರ ಗಂಡ, ನೆಂಟರು ನಾಲ್ವರು. ಟೀಚರಮ್ಮ ಬೇಲಿ ದಾಟಿ ಬಂದೊಡನೆ ಅಕ್ಕ ಕೇಳಿದಳು:

“ಅಮ್ಮಾ, ನಿಮ್ಮ ಹಡಗಿನ ಪ್ರಕಾರ ಈಗ ಗಂಟೆ ಎಷ್ಟು?”

ಟೀಚರಮ್ಮ ಚೀಲದಿಂದ ಫೋನ್ ತೆಗೆದು, ಕನ್ನಡಕ ಮೇಲೆತ್ತಿ ನೋಡಿದರು. “ಎಂಟೂ ಐದು.”

ಎಡಗೈ ವಾಚಿನಲ್ಲೂ ಎಂಟೂ ಐದೇ. ಹಾಗಾದರೆ ಇವತ್ತು ಎರಡೂ ಒಂದೇ ಅಂದುಕೊಂಡು ಅಕ್ಕ ಬಲಗೈ ವಾಚನ್ನೂ ಅಲ್ಲಿಗೇ ತಿರುಗಿಸಿದಳು. ಹಡಗಿನೊಳಗಿನ ಗೋಡೆ ಗಡಿಯಾರಗಳಲ್ಲಿ ಆಗ ಒಂಬತ್ತೂ ಐದು. ಟೀಚರಮ್ಮ ಏಣಿ ಇಳಿಯುತ್ತಿದ್ದಂತೆ ಅವರ ಫೋನು ದಡದ ಸಿಗ್ನಲ್ ಹಿಡಿದು ತನ್ನಷ್ಟಕ್ಕೆ ತಾನೇ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ.

ದಿನ ಸೊಗಸಾಗಿಯೇ ಕಳೆಯಿತು. ಟೈರು ಕೈಕೊಡಲಿಲ್ಲ, ಯಾರೂ ಜಾರಿ ಬೀಳಲಿಲ್ಲ. ಹಡಗು ಐದಕ್ಕೆ ಹೊರಡುವುದು, ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು. ಹಾಳೆಯ ಪ್ರಕಾರ ಮೂರೂವರೆಗೇ ಗೇಟು ಮುಟ್ಟಬೇಕಿತ್ತು. ಕೋಟೆಯಲ್ಲಿ ಟೀಚರಮ್ಮನ ಗಂಡ ಮಗುವಿನಂತೆ ಹಟ ಹಿಡಿದರು, ಮೇಲಿನ ಬುರುಜು ನೋಡಲೇಬೇಕು, ಮತ್ತೆ ಈ ಜನ್ಮದಲ್ಲಿ ಬರುವುದುಂಟೆ? ಅಕ್ಕ ಎರಡೂ ವಾಚು ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಎಂದೂ ಮಾಡದ್ದನ್ನು ಮಾಡಿದಳು. “ಪಂಕ್ಚರ್ ಪಾಲು ಹಾಗೇ ಉಳಿದಿದೆ. ಹೋಗ್ಬನ್ನಿ, ನಲವತ್ತು ನಿಮಿಷ ನಿಮಗೆ ಬಿಟ್ಟುಕೊಟ್ಟೆ.”

ಗುಡ್ಡದ ತಿರುವಿನಲ್ಲಿ ಸಮುದ್ರ ಕಂಡಾಗ ದಡದ ಹೊತ್ತು ನಾಲ್ಕೂ ಐದು. ಡ್ರೈವರಣ್ಣ ಬ್ರೇಕ್ ಒತ್ತಿದ.

“ಅಕ್ಕಾ, ಹಡಗು ತಿರುಗ್ತಾ ಇದೆಯಲ್ಲ.”

“ಯಾಕೋ ತಿರುಗತ್ತೆ? ಇನ್ನೂ ಒಂದು ಗಂಟೆ ಇದೆ.”

“ಇದೆಯೋ ಇಲ್ವೋ, ನೀನೇ ನೋಡು.”

ನೋಡಿದಳು. ದಡಕ್ಕೂ ಹಡಗಿಗೂ ನಡುವೆ ಆಗಲೇ ಒಂದು ಬೀದಿಯಷ್ಟು ನೀರಿತ್ತು. ವ್ಯಾನಿನೊಳಗೆ ಆರು ಮಂದಿ ಎದ್ದು ನಿಂತು ಕೈ ಬೀಸಿದರು, ಹಡಗೇನು ಬಸ್ಸೇ, ನಿಲ್ಲಲು? ಹಾಳೆಯಂತೆ ಮೂರೂವರೆಗೆ ಬಂದಿದ್ದರೆ ಓಡಿ ಹತ್ತಿಸಬಹುದಿತ್ತು. ಆ ನಲವತ್ತು ನಿಮಿಷ ಅಕ್ಕನ ಎದೆಯೊಳಗೆ ಮುಳ್ಳಾಗಿ ಕೂತಿತು.

ಧಣಿ ಆರೂ ಮಂದಿಯನ್ನು ಕಚೇರಿಯೊಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡ. ಅಕ್ಕನನ್ನು ಹೊರಗೆ ನಿಲ್ಲಿಸಿದ. ಅರ್ಧ ಗಂಟೆಯ ಮೇಲೆ ಅವರು ಹೊರಬಂದು ಬಸ್ ನಿಲ್ದಾಣಕ್ಕೆ ಹೊರಟರು, ಮರುದಿನ ಮುಂದಿನ ಬಂದರಿನಲ್ಲಿ ಹಡಗು ಹತ್ತಲು. ಟೀಚರಮ್ಮ ಅಕ್ಕನ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆದರು. ಧಣಿ ನಡುವೆ ನುಗ್ಗಿ “ಬಸ್ಸು ತಪ್ಪೀತು, ನಡೀರಿ ನಡೀರಿ” ಎಂದ.

ಆಮೇಲೆ ಅಕ್ಕನನ್ನು ಒಳಗೆ ಕರೆದ.

“ಆರು ಜನದ ಟಿಕೆಟ್ಟು, ಊಟ, ರೂಮು. ಎಲ್ಲಾ ನನ್ನ ಜೇಬಿಂದ. ಬೇರೆಯವನಾಗಿದ್ರೆ ಇವತ್ತೇ ಹೊರಗೆ ಹಾಕ್ತಿದ್ದ. ನಾನು ಹಾಗೆ ಮಾಡಲ್ಲ. ತಿಂಗಳಿಗೆ ಅರ್ಧರ್ಧ ಹಿಡ್ಕೋತೀನಿ. ನಿನಗೂ ಹೊರೆ ಆಗಬಾರದಲ್ಲ.”

ಅಕ್ಕ ತಲೆಯಾಡಿಸಿದಳು. ಮುಳ್ಳು ಚುಚ್ಚುತ್ತಿದ್ದವಳು ಇನ್ನೇನು ಮಾಡಿಯಾಳು?

ಮನೆ ಅಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಅತ್ತೆ. ಅತ್ತೆಯ ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು.

“ಇಪ್ಪತ್ತು ವರ್ಷದಲ್ಲಿ ನನ್ನ ಮುಂದೆ ಒಂದು ಮಾತಿಗೂ ಬಗ್ಗಿಲ್ಲ ನೀನು. ಅವನ ಮುಂದೆ ಬೆನ್ನು ಬಗ್ಗಿಸಿ ಬಂದ್ಯಾ?”

“ತಪ್ಪು ನಂದೇ ಅತ್ತೆ.”

“ತಪ್ಪು ನಿಂದಾದ್ರೆ, ಬೇಲಿ ಯಾರದು?”

ಸೊಸೆ ಖರ್ಚಿನ ಲೆಕ್ಕಕ್ಕೆ ಕೂತಳು. ಅರ್ಧ ಸಂಬಳದಲ್ಲಿ ಬಾಡಿಗೆ ನಿಲ್ಲಿಸುವಂತಿಲ್ಲ, ಗ್ಯಾಸು ನಿಲ್ಲಿಸುವಂತಿಲ್ಲ. ಗಂಡ ಕಳಿಸುವುದು ಹಳೆಯ ಸಾಲದ ಬಾಯಿಗೆ ಹೋಗುತ್ತಿತ್ತು. ನಿಲ್ಲಿಸಬಹುದಾದದ್ದು ಅತ್ತೆಯ ಕಣ್ಣಿನ ಹನಿ. ಬೆಳಿಗ್ಗೆ ಸಂಜೆ ಹಾಕಬೇಕೆಂದು ಡಾಕ್ಟರು ಬರೆದಿದ್ದರು. ಸಂಜೆಯದು ನಿಂತಿತು. ಅತ್ತೆ ಕೇಳಲೇ ಇಲ್ಲ. ಐದನೆಯ ತಿಂಗಳಿಗೆ ಎಡಗಣ್ಣು ಪೂರ್ತಿ ಹೋಯಿತು. ಆಗಲೂ ಮುದುಕಿ ಹೇಳಿದ್ದು ಇಷ್ಟು: “ಬಿಡು, ಧಣಿ ಮುಖ ನೋಡೋಕೆ ಒಂದು ಕಣ್ಣೇ ಜಾಸ್ತಿ.”

ಎಂಟನೆಯ ತಿಂಗಳ ಮೊದಲ ವಾರ ಅಕ್ಕನ ಫೋನಿಗೆ ಟೀಚರಮ್ಮನಿಂದ ಸಂದೇಶ ಬಂತು. ಪ್ರಯಾಣಿಕರಿಗೆ ಕೊಡುವ ಹಾಳೆಯ ಕೆಳಗೆ ಅಕ್ಕ ತನ್ನ ನಂಬರು ಬರೆದಿರುತ್ತಿದ್ದಳು. ನನ್ನ ತಂಗಿಯೂ ಮುಂದಿನ ಸೀಸನ್ನಿಗೆ ಬರುತ್ತಾಳೆ, ನಿಮ್ಮ ಜೊತೆಯೇ ಊರು ನೋಡಬೇಕಂತೆ, ಎಂದು ಬರೆದಿದ್ದರು. ಕೆಳಗೆ ಇನ್ನೂ ನಾಲ್ಕು ಸಾಲು. ‘ಅವತ್ತಿನದು ನಮ್ಮ ಫೋನಿನ ತಪ್ಪು. ನಿಮ್ಮ ಮಾಲೀಕರು ಹೇಳಿದ ಮೇಲೇ ತಿಳಿದದ್ದು. ತಪ್ಪು ನಮ್ಮದಾದ್ದರಿಂದ ಖಾತರಿ ಸಲ್ಲುವುದಿಲ್ಲ ಎಂದು ಕಾಗದ ಮುಂದಿಟ್ಟರು, ಆರೂ ಜನ ಸಹಿ ಹಾಕಿದೆವು, ಟಿಕೆಟ್ಟು ನಾವೇ ಕೊಂಡೆವು. ನಮ್ಮಿಂದ ನಿಮಗೇನೂ ತೊಂದರೆಯಾಗಲಿಲ್ಲವಷ್ಟೇ?’

ಅಕ್ಕ ಅದನ್ನು ಮೂರು ಸಲ ಓದಿದಳು. ಧಣಿ ಒಂದೇ ತಪ್ಪನ್ನು ಎರಡು ಕಡೆ ಮಾರಿದ್ದ. ಪ್ರಯಾಣಿಕರಿಗೆ ಹೇಳಿದ್ದು, ತಪ್ಪು ನಿಮ್ಮದು. ಅಕ್ಕನಿಗೆ ಹೇಳಿದ್ದು, ತಪ್ಪು ನಿನ್ನದು. ಅವನ ಜೇಬಿನಿಂದ ಹೋದದ್ದು ಏನೂ ಇಲ್ಲ. ಬಂದದ್ದು ಏಳು ತಿಂಗಳ ಅರ್ಧ ಸಂಬಳ.

ಫೋನ್ ಹಿಡಿದು ಗಾಜಿನ ಬಾಗಿಲು ತಳ್ಳಿಕೊಂಡು ಹೋದಳು.

“ಇದನ್ನ ಓದಿ ಧಣಿ.”

ಓದಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಅವರು ಸಹಿ ಹಾಕಿದ್ದು ಬೇರೆ, ನೀನು ಒಪ್ಕೊಂಡಿದ್ದು ಬೇರೆ.”

“ತಪ್ಪು ಒಂದೇ ಅಲ್ವಾ?”

“ನನ್ನ ಹೆಸರು ಹಾಳಾಯ್ತಲ್ಲಮ್ಮ. ಅದಕ್ಕೆ ಬೆಲೆ ಇಲ್ವಾ?”

“ಇದೆ. ಹತ್ತೊಂಬತ್ತು ವರ್ಷ ಆ ಹೆಸರು ಕಟ್ಟಿದ್ದು ನನ್ನ ಹಾಳೆ. ಮೊದಲು ಅದರ ಪಾಲು ಇಲ್ಲಿಡಿ, ಆಮೇಲೆ ಹಾಳಾಗಿದ್ದರ ಮಾತಾಡೋಣ.”

ಧಣಿ ನಕ್ಕ. “ನಾಳೆಯಿಂದ ಬರಬೇಡ,” ಎಂದ.

ಕಾರ್ಮಿಕ ಕಚೇರಿಯ ಗುಮಾಸ್ತ ನೇಮಕದ ಪತ್ರ ಕೇಳಿದ. ಅಂಥದ್ದನ್ನು ಯಾರು ಕೊಟ್ಟಿದ್ದರು? ಸಾಕ್ಷಿ ಕೇಳಿದ. ಡ್ರೈವರಣ್ಣ ನೆಲ ನೋಡಿದ. “ವ್ಯಾನಿನ ಕಂತು ಇದೆ ಅಕ್ಕಾ, ಧಣಿ ಕೆಲಸ ಕೊಡದಿದ್ರೆ ಸತ್ತೆ.” ಅಕ್ಕ ಅವನನ್ನು ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ದೂರದ ಟೀಚರಮ್ಮ ಮಾತ್ರ ನಡೆದದ್ದನ್ನೆಲ್ಲ ಬರೆದು, ಸಹಿ ಮಾಡಿ ಕಳಿಸಿಕೊಟ್ಟರು. ಆ ಕಾಗದ ಫೈಲಿನಲ್ಲಿದೆ. ವಿಚಾರಣೆ ನಾಲ್ಕು ಸಲ ಮುಂದಕ್ಕೆ ಹೋಗಿದೆ. ಒಂದು ಸಲ ಧಣಿಗೆ ಜ್ವರ, ಒಂದು ಸಲ ವಕೀಲನಿಗೆ ಜ್ವರ, ಎರಡು ಸಲ ಅಧಿಕಾರಿಯೇ ಇಲ್ಲ. ಕೂಲಿ ಕೇಳಿದವರ ಪಾಲಿಗೆ ಸರಕಾರಿ ಕುರ್ಚಿಗಳಿಗೆ ಸದಾ ಕಾಯಿಲೆ.

ಧಣಿಯ ಕರಪತ್ರದಲ್ಲಿ ಆ ದಪ್ಪಕ್ಷರದ ಸಾಲು ಈಗಲೂ ಇದೆ. ಬೋರ್ಡು ಹಿಡಿದು ಬೇಲಿಯ ಹೊರಗೆ ನಿಲ್ಲಲು ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ, ಅವಳಿಗೂ ಒಳಹೋಗುವ ಚೀಟಿ ಕೊಡಿಸಿಲ್ಲ. ಇನ್ನೊಂದು ಹಡಗು ತಪ್ಪುತ್ತದೆ. ಇನ್ನೊಂದು ಸಂಬಳ ಅರ್ಧವಾಗುತ್ತದೆ.

ಹಡಗಿನ ಪ್ರವಾಸಕ್ಕೆ ಟಿಕೆಟ್ ತೆಗೆಸಿ, ಇಳಿದ ಊರನ್ನು ಅಗ್ಗದಲ್ಲಿ ತೋರಿಸುವವರನ್ನು ಹುಡುಕುತ್ತಾ ಕೂತವರೇ, ಇದು ನಿಮಗೆ. ಅಯ್ಯೋ ಪಾಪ ಅನ್ನಬೇಡಿ, ಅದರಿಂದ ಯಾರ ಕಣ್ಣಿಗೂ ಹನಿ ಬೀಳುವುದಿಲ್ಲ. ಮುಂಗಡ ಕಟ್ಟುವ ಮುಂಚೆ ಒಂದು ಪ್ರಶ್ನೆ ಬರೆದು ಕಳಿಸಿ: ಹಡಗು ತಪ್ಪಿದರೆ ಆ ಖರ್ಚನ್ನು ನಿಮ್ಮ ಕೆಲಸದವರ ಸಂಬಳದಿಂದ ಹಿಡಿಯುತ್ತೀರಾ? ಉತ್ತರ ಬಾಯಲ್ಲಿ ಬೇಡ. ಕಾಗದದ ಮೇಲೆ, ಧಣಿಯ ಸಹಿಯೊಂದಿಗೆ ಕೇಳಿ. ಅದು ಕೈಗೆ ಬರುವ ತನಕ ಒಂದು ಪೈಸೆ ಕಟ್ಟಬೇಡಿ.