ಕೇಳದೆ ಹೇಳಬೇಕಾದ ಡಾಕ್ಟರು

ಮುಂಬಯಿಯಲ್ಲಿ ಡಾಕ್ಟರಿಕೆ ಪಾಸು ಮಾಡಿ ಬಂದು ಅಕ್ಕಿಆಲೂರಿನ ಅಕ್ಕಿ ಗಿರಣಿಯ ಪಕ್ಕದಲ್ಲಿ ದವಾಖಾನೆ ತೆರೆದಾಗ ನನಗೆ ತಲೆ ತುಂಬ ವಿದ್ಯೆ, ಮೈಮೇಲೆ ಉಣ್ಣೆಯ ಕೋಟು, ಮನಸ್ಸಿನ ತುಂಬ ಹಂಸಭಾವಿಯ ಒಬ್ಬ ಹುಡುಗಿ. ಬೇಸಿಗೆಯಲ್ಲಿ ಬೆವರು ಕಿತ್ತುಕೊಂಡು ಹರಿದರೂ ಕೋಟು ಬಿಚ್ಚುತ್ತಿರಲಿಲ್ಲ. ಅವಳ ಕಡೆಯವರು ಯಾವಾಗ ಆ ದಾರಿಯಲ್ಲಿ ಹಾದುಹೋಗುತ್ತಾರೋ ಯಾರಿಗೆ ಗೊತ್ತು!

ಅವಳನ್ನು ನೋಡಿದ್ದು ಹಿರೇಕೆರೂರಿನ ಒಂದು ಮದುವೆಯಲ್ಲಿ. ಹೋಳಿಗೆ ಬಡಿಸುತ್ತ ಬಂದವಳು ನನ್ನ ಎಲೆಯ ಮುಂದೆ ನಿಂತು, "ಡಾಕ್ಟರು ಹೋಳಿಗಿ ತಿಂತಾರೇನ್ರಿ, ಇಲ್ಲಾ ಬರೇ ಔಷಧಾನ ಕುಡಿತಾರ?" ಎಂದಳು. ತಿಂದು ತೋರಿಸಿದೆ. ಎಷ್ಟು ತಿಂದೆನೆಂದರೆ ಆಮೇಲೆ ನನ್ನ ಪೆಟ್ಟಿಗೆಯ ಔಷಧವನ್ನು ನಾನೇ ಕುಡಿಯಬೇಕಾಯಿತು. ಆವತ್ತಿನಿಂದ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆದರೆ ದವಾಖಾನೆಯಲ್ಲಿ ನನ್ನ ಮಾನ ದಿನದಿನಕ್ಕೆ ಇಳಿಯುತ್ತಿತ್ತು. ನಮ್ಮ ಕಡೆ ರೋಗಿ ಬಂದವನು ಮಾತಾಡುವುದಿಲ್ಲ, ಕೈ ಚಾಚಿ ಕೂರುತ್ತಾನೆ. ನಾಡಿ ಹಿಡಿದು ಏನಾಗಿದೆ ಎಂದು ಹೇಳುವುದು ವೈದ್ಯನ ಕೆಲಸ. ರೋಗಿಯೇ ಹೇಳಿಬಿಟ್ಟರೆ ವೈದ್ಯನ ವಿದ್ಯೆಗೆ ಅವಮಾನ ಮಾಡಿದಂತೆ. ನನಗೋ ಕಾಲೇಜಿನಲ್ಲಿ ಮೊದಲು ಕಲಿಸಿದ್ದೇ ಕೇಳುವುದನ್ನು. ಎಲ್ಲಿ ನೋವು, ಯಾವಾಗಿಂದ, ಊಟ ಸೇರುತ್ತದೆಯೇ ಎಂದು ಬಂದವರನ್ನೆಲ್ಲ ಕೇಳಿದೆ. ಸಂತೆಯಲ್ಲಿ ಸುದ್ದಿ ಹಬ್ಬಿತು: "ಪಾಪ, ಓದ್ಯಾನ ಖರೆ. ಎಲ್ಲಾ ನಮ್ಮನ್ನ ಕೇಳ್ತಾನ. ನಮಗ ಗೊತ್ತಿದ್ರ ಅವನ ಹತ್ರ ಯಾಕ ಹೋಗ್ತಿದ್ವಿ?"

ಸಾಲದ್ದಕ್ಕೆ ಪಥ್ಯ ಏನು ಎಂದು ಕೇಳಿದವರಿಗೆ, "ಏನೂ ಇಲ್ಲ, ಎಲ್ಲಾ ಉಣ್ರಿ" ಎನ್ನುತ್ತಿದ್ದೆ. ಪಥ್ಯಕ್ಕೆಂದು ಬದನೆಕಾಯಿಯನ್ನೂ ಬಿಡಿಸದ ಡಾಕ್ಟರನ್ನು ನಂಬುವುದು ಹೇಗೆ?

ಇಂಥ ಹೊತ್ತಿನಲ್ಲೇ ನನ್ನ ಸೋದರಮಾವ ಸಂಬಂಧ ಕೇಳಲು ಹಂಸಭಾವಿಗೆ ಹೋಗಿ ಬಂದ. ಹುಡುಗಿಯ ಅಪ್ಪ ಹೊಲಮನೆ ಕಂಡ ಯಜಮಾನರು, ಮಾತು ಕಡಿಮೆ. ಅವರು ಹೇಳಿದ್ದಿಷ್ಟೇ: "ನಮ್ಮವ್ವನ್ನ ಕರಕೊಂಡು ಬರ್ತೇನಿ. ಹುಡುಗ ನಾಡಿ ಹಿಡದು ಏನಾಗೇತಿ ಹೇಳಲಿ. ಹೇಳಿದ್ರ ಹುಡುಗಿ ಕೊಡ್ತೇನಿ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಮಾವ ಬೆನ್ನಿಗೆ ಗುದ್ದಿದ. "ಅಳಬ್ಯಾಡೋ. ಅವರ ಚಕ್ಕಡಿ ಹೊಡಿಯಾಂವ ನನಗ ಬೇಕಾದಾಂವ. ಮುದುಕಿಗೆ ಏನಾಗೇತಿ ಅಂತ ಅವನ್ನ ಕೇಳಿ ತಿಳಕೊಂತೇನಿ. ಅವರ ಹಿಂದ ನಿಂತು ಎಲ್ಲಿ ಮುಟ್ಟಿಕೊಂತೇನೋ ಅಲ್ಲೇ ರೋಗ. ನೀ ಮಾತ್ರ ಬಾಯಿ ಬಿಟ್ಟು ಕೇಳಬ್ಯಾಡ. ಕೇಳಿದಿ ಅಂದ್ರ ಸಂಬಂಧ ಮುರೀತು!"

ಚಕ್ಕಡಿ ಬಂತು. ಅಜ್ಜಿ ಇಳಿದರು, ಹಿಂದೆ ಯಜಮಾನರು, ಅವರ ಹಿಂದೆ ಅರ್ಧ ಅಕ್ಕಿಆಲೂರು. ಅಜ್ಜಿ ಸೆರಗು ಸರಿಮಾಡಿಕೊಂಡು ಕೂತು ಸುಮ್ಮನೆ ಕೈ ಚಾಚಿದರು. ನಾಡಿ ಹಿಡಿದೆ. ಅವರದು ನೆಟ್ಟಗೆ ನಡೆಯುತ್ತಿತ್ತು, ನನ್ನದೇ ಓಡುತ್ತಿತ್ತು. ಕಣ್ಣೆತ್ತಿ ಬಾಗಿಲ ಬಳಿ ನಿಂತಿದ್ದ ಮಾವನನ್ನು ನೋಡಿದೆ.

ಮಾವ ಕೆನ್ನೆ ಮುಟ್ಟಿಕೊಂಡ. ಭೇಷ್ ಎಂದುಕೊಳ್ಳುವಷ್ಟರಲ್ಲಿ ಹೊಟ್ಟೆ ಕೆರೆದುಕೊಂಡ. ಆಮೇಲೆ ಮೊಣಕೈ, ಕತ್ತು. ಗಿರಣಿಯ ತೌಡಿನ ಧೂಳು ಗಾಳಿಗೆ ಅತ್ತಲೇ ಹಾರುತ್ತಿತ್ತು, ಮಾವ ಅದರ ನಡುವೆಯೇ ನಿಂತಿದ್ದ. ಮೈಯೆಲ್ಲ ತುರಿಸಿ ಪಾಪ, ಅವನು ಕುಣಿಯತೊಡಗಿದ. ಮತ್ತೆ ನೆನಪು ಮಾಡಿಕೊಂಡು ಕೆನ್ನೆ ಮುಟ್ಟುವನು, ತಡೆಯಲಾರದೆ ಬೆನ್ನನ್ನು ಬಾಗಿಲ ಚೌಕಟ್ಟಿಗೆ ಉಜ್ಜುವನು. ಆ ಲೆಕ್ಕದಲ್ಲಿ ಅಜ್ಜಿಗೆ ಇಲ್ಲದ ರೋಗವೇ ಇರಲಿಲ್ಲ.

ನನಗೆ ನಗು ಬಂತು. ತಡೆದೆ, ಕೆಮ್ಮಿದೆ, ಕೋಟಿನ ತೋಳು ಕಚ್ಚಿದೆ. ಕೊನೆಗೆ ಅಜ್ಜಿಯ ಕೈ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹುಡುಗಿ ಹೋದಳು, ಮಾನವೂ ಹೋಯಿತು, ಇನ್ನೇನು ಉಳಿದಿದೆ ಎನಿಸಿ ಮೈ ಹಗುರಾಯಿತು.

"ಯವ್ವಾ, ನಾ ಸುಳ್ಳು ಹೇಳಾಂವಲ್ಲ. ನಾಡಿ ನೋಡಿ ಎಲ್ಲಾ ಹೇಳೂದು ನನಗ ಬರಂಗಿಲ್ಲ. ನಿಮಗ ಏನಾಗೇತಿ, ನೀವ ಹೇಳ್ರಿ" ಎಂದೆ.

ಯಜಮಾನರು ಎದ್ದು ನಿಂತು, "ನಡಿ ಯವ್ವಾ" ಎಂದರು. ಅಜ್ಜಿ ಏಳಲಿಲ್ಲ. ನನ್ನನ್ನೇ ನೋಡಿದರು. ದವಡೆಯ ಮೇಲೆ ಕೈಯಿಟ್ಟು, "ಹಲ್ಲ ನೋಯಾಕತ್ತೇತಿ ತಮ್ಮಾ. ದೀವಳಗಿಯಿಂದ" ಎಂದರು.

"ದೀವಳಗಿಯಿಂದ?" ಯಜಮಾನರು ತಾಯಿಯ ಕಡೆ ಬಗ್ಗಿದರು. "ನೀ ರೊಟ್ಟಿ ಬಿಟ್ಟಿದ್ದು..."

ತಾಯಿ ರೊಟ್ಟಿ ಬಿಟ್ಟು ಹಾಲು ಗಂಜಿಗೆ ಇಳಿದದ್ದನ್ನು ಅವರು ವೈರಾಗ್ಯವೆಂದು ತಿಳಿದಿದ್ದರು. ನಮ್ಮವ್ವನ ಭಕ್ತಿ ಎಂದು ಕಂಡಕಂಡವರ ಮುಂದೆಲ್ಲ ಹೊಗಳಿದ್ದರು. ಅದನ್ನು ಕೇಳಿ ಹಳ್ಳಿಯ ಹೆಂಗಸರು ಅಜ್ಜಿಯ ಪಾದ ಮುಟ್ಟಲು ಬರುತ್ತಿದ್ದರಂತೆ. ಅಜ್ಜಿ ನೋವು ನುಂಗಿಕೊಂಡು ಆಶೀರ್ವಾದ ಮಾಡುತ್ತಿದ್ದರಂತೆ.

ದವಡೆಯ ಹಲ್ಲು ಪೂರ್ತಿ ಹುಳುಕಾಗಿತ್ತು. ಲವಂಗದ ಎಣ್ಣೆ ಹಚ್ಚಿ, ಅಲುಗಾಡಿಸಿ, ಇಕ್ಕಳ ಹಾಕಿ ಕಿತ್ತೆ. ಅಜ್ಜಿ ಹತ್ತಿ ಕಚ್ಚಿಕೊಂಡು ಕೂತಿದ್ದು ರಕ್ತ ನಿಂತ ಮೇಲೆ ಮಗನ ಕಡೆ ತಿರುಗಿದರು.

"ನಮ್ಮಪ್ಪ ಕೇಳಲಿಲ್ಲ, ನಿಮ್ಮಪ್ಪ ಕೇಳಲಿಲ್ಲ, ನೀನೂ ಕೇಳಲಿಲ್ಲ. ನಿನಗ ಏನಾಗೇತಿ ಅಂತ ನನ್ನ ಕೇಳಿದ ಗಂಡಸು ಇವನೊಬ್ಬನ. ಹುಡುಗೀನ ಇವಗ ಕೊಡು."

ಯಜಮಾನರು ತಲೆ ತಗ್ಗಿಸಿ, "ಆತು" ಎಂದರು. ನನಗೆ ಗಿರಣಿಯ ಮಾಡಿನ ಮೇಲೆ ಹತ್ತಿ ಕೂಗಬೇಕೆನಿಸಿತು. ಮಾವ ತುರಿಕೆ ಮರೆತು ನನ್ನನ್ನು ಅಪ್ಪಿಕೊಂಡ, ತೌಡೆಲ್ಲ ನನ್ನ ಕೋಟಿಗಾಯಿತು.

ಚಕ್ಕಡಿಗೆ ಎತ್ತು ಕಟ್ಟಿದರು. ಅಜ್ಜಿ ಹೊರಡಲು ಎದ್ದರು. ಯಜಮಾನರು ಹೊಸ್ತಿಲಲ್ಲಿ ನಿಂತವರು ಹೊರಗೆ ಹೋಗಲಿಲ್ಲ. ರುಮಾಲು ತೆಗೆದು, ಮತ್ತೆ ಇಟ್ಟುಕೊಂಡು, ಅಭ್ಯಾಸವಿಲ್ಲದ ದನಿಯಲ್ಲಿ ಕೇಳಿದರು:

"ಯವ್ವಾ, ಮತ್ತೇನರೆ ನೋವೈತೇನು?"

"ಐತಪ್ಪ" ಎಂದರು ಅಜ್ಜಿ, ತಾವೂ ಮತ್ತೆ ಕೂರುತ್ತ. "ಕುಂದ್ರು."