ತಿನ್ನಲೊಲ್ಲದ ಹಾವು

ಪರದೇಶದ ಈ ಸನ್ನಿವೇಲ್ ಊರಿನ ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ಅಂಥ ಮನೆಯ ಗರಾಜಿನಲ್ಲಿ ಸತ್ತ ಇಲಿಗಳನ್ನು ಇಡುವುದಕ್ಕೆಂದೇ ಒಂದು ಪುಟ್ಟ ಫ್ರೀಜರು ಬಂದು ಕೂತಿತು. ಎಲ್ಲ ನನ್ನ ಮಗಳ ದೆಸೆಯಿಂದ. ಹತ್ತಿರದ ಕ್ಯಾಂಪ್‌ಬೆಲ್ ಊರಿನಲ್ಲಿದ್ದ ಅವಳ ಗೆಳತಿಯ ಮನೆಯವರು ಊರು ಬಿಡುವಾಗ, ತಾವು ಸಾಕಿದ್ದ ಕಿತ್ತಳೆ ಬಣ್ಣದ ಹಾವನ್ನು ಯಾರಿಗಾದರೂ ಕೊಡಬೇಕೆಂದರು. ಇವಳು ಅತ್ತು ರಂಪ ಮಾಡಿ ಮನೆಗೆ ತಂದಳು. ವಿಷವಿಲ್ಲದ ಸಾಧು ಪ್ರಾಣಿ, ಒಪ್ಪಿದೆ.

"ಹಾವಿರಲಿ, ಇಲಿ ಮಾತ್ರ ನಾನು ಮುಟ್ಟಲ್ಲ," ಎಂದು ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದೆ. ಹಾಗಾಗಿ ಹಾವಿನ ಆಹಾರವೆಂದು ಅಂಗಡಿಯಿಂದ ತಂದಿಟ್ಟ ಫ್ರೀಜರಿನ ಇಲಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡುವುದು ಗಂಡನ ಪಾಲಿಗೆ ಬಂತು. ಅದನ್ನು ಇಕ್ಕಳದಲ್ಲಿ ಹಿಡಿದು ಹಾವಿನ ಮುಂದೆ ಆಡಿಸುವುದು ಮಗಳ ಕೆಲಸ.

ಹಾವು ತಿನ್ನಲಿಲ್ಲ. ವಾರ ಬಿಟ್ಟು ಕೊಟ್ಟರೂ ತಿನ್ನಲಿಲ್ಲ. ನಾಲಿಗೆ ಚಾಚುವುದು, ಮುಖ ತಿರುಗಿಸಿಕೊಂಡು ಮೂಲೆ ಸೇರುವುದು. ದಿನೇದಿನೇ ಸೊರಗಿತು. ಮಗಳು ಗಾಜಿನ ಪೆಟ್ಟಿಗೆಯ ಮುಂದೆ ಕೂತು, "ಇಟ್ ಹೇಟ್ಸ್ ಮಿ, ಅಮ್ಮಾ. ಬೇರೆ ಯಾರಿಗಾದ್ರೂ ಕೊಟ್ಬಿಡೋಣ," ಎಂದಳು. ಇನ್ನೊಂದೇ ಸಲ ನೋಡೋಣ ಎಂದೆ.

ಆ ಭಾನುವಾರ ಗರಾಜಿಗೆ ಕಾಲಿಟ್ಟರೆ ನಿಂಬೆಹಣ್ಣಿನ ಘಮ! ಗಂಡ ಗ್ಲೋವ್ಸು ಹಾಕಿಕೊಂಡು, ಪಾತ್ರೆ ತೊಳೆಯುವ ಸೋಪಿನಲ್ಲಿ ಇಲಿಯನ್ನು ನೊರೆ ಬರುವಂತೆ ಉಜ್ಜುತ್ತಿದ್ದಾರೆ, ಕೂಸಿಗೆ ಸ್ನಾನ ಮಾಡಿಸುವ ಹಾಗೆ.

"ರೀ! ಏನ್ರೀ ಇದು?"

"ತೊಳೀತಿದೀನಿ ಕಣೇ. ತಿನ್ನೋ ಪದಾರ್ಥ, ತೊಳೀದೆ ಹೆಂಗೆ ಕೊಡೋದು?"

"ಪ್ರತಿ ಸಲಾನೂ ಹಿಂಗೇ ತೊಳೆದ್ರಾ?"

"ಹೂಂ, ಚೆನ್ನಾಗೇ ತೊಳೆದೆ."

"ರಾಮ ರಾಮ! ವಾಸನೆ ನೋಡಿ ತಿನ್ನೋ ಪ್ರಾಣಿಗೆ ಸೋಪು ಬಡಿಸಿದೀರಲ್ರೀ!"

ಬೈದೆ, ಆದರೆ ಪಾಪ ಎನಿಸಿತು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯದೆ ಹೆಚ್ಚದ ಮನೆಯಲ್ಲಿ ಬೆಳೆದವರು. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನ ಮಾಂಸ ಕಂಡರೂ ಎದ್ದು ಹೋಗುವ ಮನುಷ್ಯ, ಮಗಳಿಗೋಸ್ಕರ ಹೇಸಿಗೆ ನುಂಗಿಕೊಂಡು ಇಷ್ಟು ಮಾಡಿದ್ದರು.

ಇನ್ನೊಂದು ಇಲಿಯನ್ನು ತೊಳೆಯದೆ, ಪ್ಲಾಸ್ಟಿಕ್ ಚೀಲದ ಸಮೇತ ಬಿಸಿನೀರಿನಲ್ಲಿಟ್ಟೆವು. ಮಗಳು ಅದನ್ನು ಇಕ್ಕಳದಲ್ಲಿ ಹಿಡಿದು ಹಾವಿನ ಮುಂದೆ ಆಡಿಸಿದಳು. ಹಾವು ನಾಲಿಗೆ ಚಾಚಿತು, ಒಂದು ಗಳಿಗೆ ತಡೆಯಿತು, ಛಕ್ಕನೆ ಬಾಯಿ ಹಾಕಿತು.

"ಅಪ್ಪಾ, ತಿಂತಿದೆ! ಕಮ್ ಸೀ," ಎಂದು ಮಗಳು ಪಿಸುಗುಟ್ಟಿದಳು.

ಗಂಡ ಬೆನ್ನು ತಿರುಗಿಸಿ ಬಾಗಿಲ ಬಳಿ ನಿಂತಿದ್ದರು. ಅದನ್ನು ನೋಡುವುದು ಅವರಿಂದಾಗದು ಎಂದುಕೊಂಡಿದ್ದೆ. ಬಂದೇ ಬಂದರು. ಮಗಳ ಪಕ್ಕ ಮಂಡಿಯೂರಿ, ಇಲಿಯ ಬಾಲ ಒಳಗೆ ಹೋಗುವವರೆಗೂ ಕಣ್ಣು ಮುಚ್ಚದೆ ನೋಡಿದರು.

"ಅದಕ್ಕೆ ಬೇಡವಾಗಿದ್ದು ನೀನಲ್ಲ ಪುಟ್ಟಿ," ಎಂದರು. "ನನ್ನ ಸೋಪು."

ಮಗಳು ಇಕ್ಕಳ ಕೆಳಗಿಟ್ಟು ಅಪ್ಪನ ಕೊರಳಿಗೆ ಜೋತುಬಿದ್ದಳು.